ಮೂಗು ಕಟ್ಟಿದ ಮಗುವಿಗೆ ಗಾದಿಯ ತಲೆಕಡೆ ಎತ್ತುವ ರೀತಿ

ದಾವಣಗೆರೆ ಮಂಡಿಪೇಟೆ ಹತ್ತಿರ ನಮ್ಮದು ಗಾದಿ ಅಂಗಡಿ. ಚಳಿ ಶುರುವಾದರೆ ಸಾಕು, ತಾಯಂದಿರು ಬಂದು ಕೇಳುತ್ತಾರೆ: "ಅಣ್ಣಾ, ಹುಡುಗನಿಗೆ ನೆಗಡಿ. ಮಲಗಿದ್ರೆ ಮೂಗು ಕಟ್ಟುತ್ತೆ. ಎತ್ತರದ ದಿಂಬು ಕೊಡಿ." ದಿಂಬು ಮಾರಿದರೆ ನನಗೇ ಲಾಭ. ಆದರೂ ಬೇಡ ಎನ್ನುತ್ತೇನೆ. ದಪ್ಪ ದಿಂಬಿಗೆ ಕತ್ತು ಮಾತ್ರ ಮಡಚಿಕೊಳ್ಳುತ್ತದೆ, ಗದ್ದ ಎದೆಗೆ ತಾಗುತ್ತದೆ. ಅರ್ಧ ರಾತ್ರಿಗೆ ಮಗು ದಿಂಬು ಬಿಟ್ಟು ಎಲ್ಲೋ ಇರುತ್ತದೆ. ಎತ್ತರ ಗಾದಿಯ ಮೇಲಲ್ಲ, ಅಡಿಯಲ್ಲಿ ಬರಬೇಕು.

ಮೊದಲು ವಯಸ್ಸು ಹೇಳಿ. ಒಂದು ವರ್ಷ ತುಂಬದ ಕೂಸಿಗೆ ಇದು ಬೇಡವೇ ಬೇಡ. ಅದಕ್ಕೆ ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸರಿ. ದಿಂಬೂ ಇಡಬಾರದು. ಇಳಿಜಾರಿನಲ್ಲಿ ಎಳೆ ಕೂಸಿನ ತಲೆ ಮುಂದಕ್ಕೆ ಬಾಗಿ ಉಸಿರಿನ ದಾರಿ ಮುಚ್ಚಿಕೊಳ್ಳಬಹುದು. ಅಮೆರಿಕದಲ್ಲಿ 10 ಡಿಗ್ರಿಗಿಂತ ಜಾಸ್ತಿ ಇಳಿಜಾರಿರುವ ಕೂಸಿನ ಹಾಸಿಗೆಗಳನ್ನು 2022ರಲ್ಲಿ ಕಾನೂನು ಮಾಡಿಯೇ ನಿಷೇಧಿಸಿದರು. ಒಂದು ದಾಟಿದ್ದರೂ ಚಿಕ್ಕದಾಗಿದ್ದರೆ ಡಾಕ್ಟರನ್ನು ಕೇಳಿಯೇ ಮಾಡಿ.

ದೊಡ್ಡ ಮಕ್ಕಳಿಗೆ ಹೀಗೆ ಮಾಡಿ. ಹಳೆ ಕೌದಿ ಒಂದೆರಡು ತಗೊಳ್ಳಿ. ಒಂದನ್ನು ಅಗಲವಾಗಿ ಮಡಚಿ, ಮಗುವಿನ ತಲೆಯಿಂದ ಸೊಂಟದವರೆಗೆ ಬರುವ ಹಾಗೆ ಗಾದಿಯ ಅಡಿಗೆ ಹಾಕಿ. ಅದರ ಮೇಲೆ ಇನ್ನೊಂದನ್ನು ಚಿಕ್ಕದಾಗಿ ಮಡಚಿ, ತಲೆ ಮತ್ತು ಭುಜದಷ್ಟಕ್ಕೆ ಮಾತ್ರ. ಆಗ ಮೆಟ್ಟಿಲಾಗುವುದಿಲ್ಲ, ನಿಧಾನವಾದ ಇಳಿಜಾರಾಗುತ್ತದೆ. ತಲೆಕಡೆ ನಾಲ್ಕು ಬೆರಳು ಎತ್ತರ ಸಾಕು. ಹೆಚ್ಚಾದರೆ ಮಗು ಜಾರಿ ಕಾಲ್ಕಡೆ ಬಂದು ಬಿಡುತ್ತದೆ.

ಹತ್ತಿ ಗಾದಿ, ಫೋಮ್ ಎರಡೂ ಕೌದಿಯ ಮೇಲೆ ಚೆನ್ನಾಗಿ ಬಾಗುತ್ತವೆ. ತೆಂಗಿನ ನಾರಿನ ಹಾಸಿಗೆ ಮಾತ್ರ ಹಲಗೆ ಇದ್ದ ಹಾಗೆ, ಒಂದೇ ಸಮ ಮೇಲೇಳುತ್ತದೆ, ಅಡಿಯಲ್ಲಿ ಟೊಳ್ಳು ಉಳಿಯುತ್ತದೆ. ಅದಕ್ಕೆ ಅಡಿಯ ಕೌದಿಯನ್ನು ಇನ್ನಷ್ಟು ಉದ್ದಕ್ಕೆ ಹಾಸಿ. ಮಂಚದ ಕಾಲಿಗೆ ಇಟ್ಟಿಗೆ ಕೊಡುವವರೂ ಇದ್ದಾರೆ. ಟೈಲ್ಸ್ ನೆಲದಲ್ಲಿ ಅದು ಜಾರುತ್ತದೆ, ನನಗಂತೂ ಧೈರ್ಯವಿಲ್ಲ. ನೆಲದ ಮೇಲೆ ಗಾದಿ ಹಾಸುವುದೇ ವಾಸಿ. ಗೋಡೆಗೂ ಗಾದಿಗೂ ನಡುವೆ ಸಂದು ಬಿಡಬೇಡಿ, ಮಕ್ಕಳು ಹೊರಳುತ್ತಾ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ನಿದ್ದೆಯಲ್ಲಿ ತಿರುಗಿ ತಲೆ ಕಾಲ್ಕಡೆ ಹಾಕುವ ಮಕ್ಕಳಿಗೆ ಇದು ಕೆಲಸಕ್ಕೆ ಬಾರದು.

ಇಳಿಜಾರು ನೆಗಡಿ ವಾಸಿ ಮಾಡುವುದಿಲ್ಲ. ಚಪ್ಪಟೆ ಮಲಗಿದಾಗ ಮೂಗಿನೊಳಗೆ ರಕ್ತ ನಿಂತು ಊತ ಜಾಸ್ತಿಯಾಗುತ್ತದೆ, ಅದು ಸ್ವಲ್ಪ ತಗ್ಗುತ್ತದೆ, ಅಷ್ಟೇ. ಮಲಗುವ ಮುಂಚೆ ಮೆಡಿಕಲ್ ಶಾಪಿನಲ್ಲಿ ಸಿಗುವ ಉಪ್ಪುನೀರಿನ ಹನಿ ಮೂಗಿಗೆ ಬಿಟ್ಟರೆ ಇದರ ಉಪಯೋಗ ಹೆಚ್ಚು. ಕರ್ಪೂರದ ಮುಲಾಮು ಎರಡು ವರ್ಷದೊಳಗಿನವರಿಗೆ ಹಚ್ಚಬೇಡಿ. ಲೋಬಾನದ ಹೊಗೆಯೂ ಬೇಡ. ಉಸಿರಾಡುವಾಗ ಪಕ್ಕೆ ಒಳಗೆ ಎಳೆದರೆ, ತುಟಿ ನೀಲಿಯಾದರೆ, ನೀರೂ ಕುಡಿಯದಿದ್ದರೆ, ಗಾದಿ ಬಿಟ್ಟು ಆಸ್ಪತ್ರೆಗೆ ಓಡಿ.

ಬೆಳಿಗ್ಗೆ ಕೌದಿ ತೆಗೆದು ಗಾದಿ ಬಿಸಿಲಿಗೆ ಹಾಕಿ. ಹಾಗೇ ಬಿಟ್ಟರೆ ಹತ್ತಿ ಕೆಳಕ್ಕೆ ಸರಿದು ಗಂಟಾಗುತ್ತದೆ. ಆಮೇಲೆ ಮತ್ತೆ ಹಿಂಜಿಸುವುದಕ್ಕೆ ನಮ್ಮ ಅಂಗಡಿಗೇ ಬರಬೇಕಾಗುತ್ತದೆ.