ಫಿಲ್ಲಿಂಗ್ ಅಂಚಿನಲ್ಲಿ ಮತ್ತೆ ಹುಳುಕು: ತಡೆಯುವುದು ಹೇಗೆ?

ದವಡೆ ಹಲ್ಲುಗಳ ಸಂದಿಗೆ ಫ್ಲಾಸ್ ದಾರ ಇಳಿಸಿ ಎಳೆಯುತ್ತೀರಿ. ಬೇರೆಲ್ಲ ಕಡೆ ಸಲೀಸಾಗಿ ಬರುವ ದಾರ ಒಂದು ಜಾಗದಲ್ಲಿ ಮಾತ್ರ ತೊಡರಿಕೊಂಡು ಎಳೆ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಅದು ಕೆಲವು ವರ್ಷದ ಹಿಂದೆ ಫಿಲ್ಲಿಂಗ್ ಮಾಡಿಸಿದ ಹಲ್ಲು. ನೋವಿಲ್ಲ, ಜುಮ್ಮೆನ್ನುವುದೂ ಇಲ್ಲ. ಆದರೂ ಸುಮ್ನೆ ಬಿಡಬೇಡಿ.

ಹುಳುಕು ಹಿಡಿಯುವುದು ಫಿಲ್ಲಿಂಗ್‌ಗೆ ಅಲ್ಲ, ಅದರ ಸುತ್ತ ಉಳಿದಿರುವ ಅದೇ ಹಲ್ಲಿನ ಭಾಗಕ್ಕೆ. ಎರಡೂ ಸೇರುವ ಅಂಚಿನಲ್ಲಿ, ಅದರಲ್ಲೂ ಹಲ್ಲಿನ ಸಂದಿಯಲ್ಲಿ ಒಸಡಿನ ಹತ್ತಿರ ಇದು ಜಾಸ್ತಿ. ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಅಲ್ಲಿ ಕೂತ ಬ್ಯಾಕ್ಟೀರಿಯಾ ಸಿಹಿಯನ್ನು ಆಮ್ಲ ಮಾಡುತ್ತವೆ. ಪಿಎಚ್ (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಪದರವಾದ ಎನಾಮೆಲ್ ಕರಗಲು ಶುರುವಾಗುತ್ತದೆ.

ಮೊದಲು: ನಿಮ್ಮ ಹಲ್ಲಿನಲ್ಲಿ ಏನಿದೆ, ತಿಳಿದುಕೊಳ್ಳಿ

ಬೆಳ್ಳಿ ಬಣ್ಣದ್ದಾದರೆ ಅಮಾಲ್ಗಮ್. ಅರ್ಧದಷ್ಟು ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಇದು ಹಲ್ಲಿಗೆ ಅಂಟುವುದಿಲ್ಲ, ಕೊರೆದ ಕುಳಿಯ ಆಕಾರವೇ ಅದನ್ನು ಹಿಡಿದಿಡುತ್ತದೆ. ಆದರೆ ದಿನ ಕಳೆದಂತೆ ಲೋಹಕ್ಕೆ ತುಸು ಕಿಲುಬು ಹಿಡಿದು, ಆ ಕಿಲುಬೇ ಅಂಚಿನ ಸಣ್ಣ ಸಂದನ್ನು ಮುಚ್ಚುತ್ತದೆ. ಪಾದರಸದ ಕಾರಣಕ್ಕೆ ಇದರ ಬಳಕೆ ಇಳಿಯುತ್ತಿದೆ. ಪಾದರಸದ ಬಗ್ಗೆ ದೇಶಗಳು ಮಾಡಿಕೊಂಡ 2013ರ ಮಿನಮಾಟ ಒಪ್ಪಂದವೂ ಇದನ್ನೇ ಕೇಳುತ್ತದೆ.

ಹಲ್ಲಿನ ಬಣ್ಣದ ಕಾಂಪೋಸಿಟ್ ನೋಡಲು ಚೆಂದ, ಹಲ್ಲಿಗೆ ಅಂಟಿಕೊಳ್ಳುತ್ತದೆ, ಹಲ್ಲನ್ನು ಜಾಸ್ತಿ ಕೊರೆಯಬೇಕಿಲ್ಲ. ತೊಂದರೆ ಎಂದರೆ ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಅದು ಕುಗ್ಗುತ್ತದೆ, ಸಾಮಾನ್ಯವಾಗಿ ನೂರಕ್ಕೆ ಎರಡು ಮೂರು ಪಾಲು. ಆ ಎಳೆತಕ್ಕೆ ಅಂಚು ಬಿಟ್ಟುಕೊಳ್ಳಬಹುದು. ಹಿಂದಿನ ಹಲ್ಲುಗಳಲ್ಲಿ ಈ ಎರಡನ್ನೂ ಹೋಲಿಸಿದ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2014ರಲ್ಲಿ ಒಟ್ಟುಗೂಡಿಸಿ ನೋಡಿತು. ಕಾಂಪೋಸಿಟ್ ಹಾಕಿದಲ್ಲಿ ಮತ್ತೆ ಹುಳುಕಾಗುವ ಸಂಭವ ಸುಮಾರು ಎರಡು ಪಟ್ಟು ಕಂಡಿತ್ತು. ಇದನ್ನು ಓದಿ ಹೆದರಬೇಡಿ. ಕಾಂಪೋಸಿಟ್ ಚೆನ್ನಾಗಿ ಬಾಳುವುದು ಹಾಕುವ ರೀತಿಯ ಮೇಲೆ ಮತ್ತು ಬಾಯಿಯ ಸ್ಥಿತಿಯ ಮೇಲೆ ನಿಂತಿದೆ.

ಮೂರನೆಯದು ಗ್ಲಾಸ್ ಅಯೊನೊಮರ್. ಹಲ್ಲಿನ ಕ್ಯಾಲ್ಸಿಯಂ ಜೊತೆ ತಾನೇ ಬೆಸೆದುಕೊಳ್ಳುತ್ತದೆ, ಸ್ವಲ್ಪ ಫ್ಲೋರೈಡ್ ಬಿಡುತ್ತದೆ. ಪೇಸ್ಟ್‌ನಲ್ಲಿರುವ ಫ್ಲೋರೈಡನ್ನು ಮತ್ತೆ ಹೀರಿಕೊಳ್ಳುತ್ತದೆ ಕೂಡ. ಆದರೆ ಜೋರಾಗಿ ಅಗಿಯುವ ಜಾಗದಲ್ಲಿ ಬೇಗ ಸವೆಯುತ್ತದೆ. ಒಸಡಿನ ಅಂಚಿಗೆ, ಒಣಗಿಸಿಡಲು ಕಷ್ಟವಾದ ಕಡೆಗೆ ನನಗೆ ಇದೇ ಸರಿ ಅನಿಸುತ್ತದೆ.

ಕುರ್ಚಿಯಲ್ಲಿ ಕೂರುವ ಮುಂಚೆ: ಕೇಳಿ

ಕಾಂಪೋಸಿಟ್ ಹಾಕುವುದಾದರೆ ಹಲ್ಲನ್ನು ಒಣಗಿಸಿಡುವುದು ಹೇಗೆ ಎಂದು ಕೇಳಿ. ಅಂಟು ಹಚ್ಚುವ ಹೊತ್ತಿಗೆ ಜೊಲ್ಲೋ ರಕ್ತವೋ ತಾಗಿದರೆ ಹಿಡಿತ ಸಡಿಲ. ರಬ್ಬರ್ ಡ್ಯಾಮ್ ಎಂಬ ತೆಳು ಹಾಳೆ ಕಟ್ಟಿದರೆ ಹಲ್ಲು ಒಂದೇ ಮೇಲೆ ಕಾಣುತ್ತದೆ, ಬಾಯಿ ಕೆಳಗೆ ಉಳಿಯುತ್ತದೆ. ಮಾಮೂಲಿ ಕಾಂಪೋಸಿಟನ್ನು ಸುಮಾರು 2 ಮಿಲಿಮೀಟರಿನ ಪದರಗಳಲ್ಲಿ ಹಾಕಿ, ಒಂದೊಂದಕ್ಕೂ ಬೆಳಕು ಹಿಡಿಯುತ್ತಾರೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ದಯವಿಟ್ಟು ಅವಸರ ಮಾಡಬೇಡಿ, ಬೇಗ ಮುಗಿಸಿ ಎಂದು ಒತ್ತಾಯಿಸಲೂ ಬೇಡಿ.

ಮನೆಗೆ ಬಂದ ಮೇಲೆ

ದಿನಕ್ಕೆ ಎರಡು ಸಲ ಫ್ಲೋರೈಡ್ ಪೇಸ್ಟ್. ಉಗುಳಿದ ಮೇಲೆ ನೀರು ಹಾಕಿ ಮುಕ್ಕಳಿಸಬೇಡಿ, ಫ್ಲೋರೈಡ್ ಅಲ್ಲೇ ಇರಲಿ. ಸಂದಿಗೆ ದಿನಕ್ಕೊಮ್ಮೆ ಫ್ಲಾಸ್ ಅಥವಾ ಸಣ್ಣ ಬ್ರಷ್. ಸಿಹಿಯನ್ನು ಆಗಾಗ ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ಊಟದ ಜೊತೆ ತಿಂದು ಮುಗಿಸುವುದು ಮೇಲು. ಬಾಯಿ ಒಣಗುವವರು ಇನ್ನೂ ಹುಷಾರಾಗಿರಬೇಕು, ಆಮ್ಲ ತೊಳೆಯುವುದು ಜೊಲ್ಲೇ ಅಲ್ವಾ?

ಅನುಮಾನ ಬಂದರೆ

ದಾರ ತೊಡರುವುದು, ಆಹಾರ ಒಂದೇ ಸಂದಿಯಲ್ಲಿ ಸಿಕ್ಕಿಕೊಳ್ಳುವುದು, ತಣ್ಣಗಿನದಕ್ಕೆ ಜುಮ್ಮೆನ್ನುವುದು, ಇವು ತೋರಿಸಿಕೊಳ್ಳಬೇಕಾದ ಗುರುತುಗಳು. ಅಂಚಿನ ಕಂದು ಗೆರೆ ಬರೀ ಕಲೆಯೂ ಆಗಿರಬಹುದು. ಸಂದಿಯ ಹುಳುಕು ಕಾಣಲು ಬೈಟ್‌ವಿಂಗ್ ಎಂಬ, ಹಲ್ಲು ಕಚ್ಚಿ ಹಿಡಿದು ತೆಗೆಯುವ ಎಕ್ಸ್-ರೇ ಬೇಕಾಗುತ್ತದೆ. ಹುಳುಕು ಚಿಕ್ಕದಿದ್ದರೆ ಅಷ್ಟನ್ನೇ ರಿಪೇರಿ ಮಾಡಲು ಆಗುತ್ತದೆಯೇ ಎಂದು ಕೇಳಿ. ಪೂರ್ತಿ ಕಿತ್ತು ಹೊಸದು ಹಾಕಿದಾಗಲೆಲ್ಲ ಗಟ್ಟಿ ಹಲ್ಲೂ ಸ್ವಲ್ಪ ಹೋಗಿ ಕುಳಿ ದೊಡ್ಡದಾಗುತ್ತದೆ. ಕೆಲಸ ಮುಗಿದ ಮೇಲೆ ಎದ್ದು ಬರುವ ಮುಂಚೆ ಆ ಸಂದಿಯಲ್ಲಿ ಒಮ್ಮೆ ದಾರ ಆಡಿಸಿ ತೋರಿಸಲು ಹೇಳಿ. ತೊಡರಿದರೆ ಅಲ್ಲೇ ನಯ ಮಾಡಿಸಿಕೊಳ್ಳಿ.