ಸೌದೆ ಒಲೆಯ ಮನೆಗೆ ಬಂದವರಿಗೆ

ನೀರೊಲೆ ಉರಿಸಿ ಬೆಳೆದವನು ನಾನು, ಬೆಂಕಿ ಹಚ್ಚೋದನ್ನ ಇನ್ನೊಬ್ಬರು ಹೇಳಿಕೊಡಬೇಕೇ? ಈ ಚಳಿದೇಶದ ಮೊದಲ ಮನೆಯಲ್ಲಿ, ಗಾಜಿನ ಬಾಗಿಲಿನ ಕಬ್ಬಿಣದ ಒಲೆ ನೋಡಿ ಹೆಂಡತಿಗೆ ಹಾಗೇ ಹೇಳಿದ್ದೆ. ಆ ಚಳಿಗಾಲ ಪೂರ್ತಿ ಅವಳು ಆ ಮಾತನ್ನೇ ನನಗೆ ತಿರುಗಿಸಿ ಹೇಳಿದಳು, ಹೊಗೆ ಹೋಗಲೆಂದು ಕಿಟಕಿ ತೆಗೆಯುತ್ತಾ.

ಒಲೆ ಕೂರಿಸಲು ಅನುಮತಿ, ವಿಮೆಯವರಿಗೆ ತಿಳಿಸುವುದು, ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ, ಇವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ನಾನು ಎಡವಿದ್ದು ಸೌದೆಯಲ್ಲಿ. ಚಳಿ ಶುರುವಾದ ಮೇಲೆ, ಅಗ್ಗಕ್ಕೆ ಸಿಕ್ಕಿತೆಂದು ಒಂದು ಲೋಡ್ ಇಳಿಸಿಕೊಂಡೆ. ಒಲೆಗೆ ಹಾಕಿದರೆ ತುಂಡಿನ ತುದಿಯಿಂದ ಬುಸ್ಸೆಂದು ನೊರೆ ಬಂತು, ಅರ್ಧ ಗಂಟೆಯಲ್ಲಿ ಗಾಜು ಕಪ್ಪಾಯಿತು, ಕೋಣೆ ಮಾತ್ರ ಬೆಚ್ಚಗಾಗಲಿಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗುವ ತನಕ ನಿಮ್ಮ ಪಾಲಿಗೆ ಶಾಖವಿಲ್ಲ. ನೀರೊಲೆಗೆ ಹಸಿ ಕಟ್ಟಿಗೆ ತುರುಕಿದರೂ ಊದಿ ಊದಿ ಉರಿಸಿಬಿಡುತ್ತಿದ್ದೆವು, ಹೊಗೆ ಹೆಂಚಿನ ಸಂದಿಯಲ್ಲಿ ಹೋಗುತ್ತಿತ್ತು. ಇಲ್ಲಿ ಹೊಗೆಗೆ ಇರುವುದು ಒಂದೇ ದಾರಿ, ಚಿಮಣಿಯ ಕೊಳವೆ. ಆ ಕೊಳವೆ ತಣ್ಣಗಿದ್ದರೆ ಹೊಗೆ ಒಳಗೋಡೆಗೆ ಟಾರಿನಂತೆ ಮೆತ್ತಿಕೊಳ್ಳುತ್ತದೆ. ಕ್ರಿಯೋಸೋಟ್ ಅಂತಾರೆ. ಮಾಡಿನಲ್ಲಿ ಜೋತಾಡುವ ಇಲ್ಲಣವಲ್ಲ ಅದು. ಬೆಂಕಿ ಹಿಡಿದರೆ ಚಿಮಣಿಯೊಳಗೆ ರೈಲು ಹೋದಂತೆ ಸದ್ದಾಗುತ್ತದಂತೆ. ಅಂಥ ಸದ್ದು ಕೇಳಿಸಿದರೆ ಒಲೆಯೊಳಕ್ಕೆ ಗಾಳಿ ಬಿಡುವ ಗಾಳಿಬಾಯಿ ಮುಚ್ಚಿ, ಎಲ್ಲರನ್ನೂ ಕರೆದುಕೊಂಡು ಹೊರಗೆ ನಡೆಯಿರಿ, ಅಗ್ನಿಶಾಮಕದವರಿಗೆ ಫೋನ್ ಮಾಡಿ.

ತೇವಾಂಶ ಶೇ. 20ಕ್ಕಿಂತ ಕಡಿಮೆ ಇರಬೇಕು. ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ನಾನು ಹೊರಮೈಗೆ ಚುಚ್ಚಿ 16 ಬಂತೆಂದು ಬೀಗಿದೆ. ಅದೇ ತುಂಡನ್ನು ಸೀಳಿ ಒಳಗೆ ಚುಚ್ಚಿದರೆ 31.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬೆಳಗ್ಗೆ ಕೆದಕಿ ಉರಿಸುವುದು ನಮಗೆ ಹೊಸದೇ? ಅದೇ ಲೆಕ್ಕದಲ್ಲಿ ಒಲೆ ತುಂಬ ಸೌದೆ ಇಟ್ಟು ಗಾಳಿಬಾಯಿ ಪೂರ್ತಿ ಮುಚ್ಚಿ ಮಲಗುತ್ತಿದ್ದೆ. ಸೌದೆ ಬೆಳಗಿನ ತನಕ ಬಾಳಿಕೆ ಬಂತೆಂದು ಖುಷಿ ಬೇರೆ. ಗಾಳಿ ಸಾಲದೆ ಮರದಿಂದ ಎದ್ದ ಅನಿಲಗಳು ಉರಿಯದೆ ಹಾಗೇ ಮೇಲಕ್ಕೆ ಹೋಗಿ ಚಿಮಣಿಯಲ್ಲಿ ಕೂತಿದ್ದವು. ಚಿಮಣಿ ಗುಡಿಸಲು ಬಂದಾತ ಹೊಳೆಯುವ ಕರಿ ಹೆಕ್ಕಳೆ ಒಂದು ಬಕೆಟ್ ಇಳಿಸಿ, “ಎಷ್ಟು ವರ್ಷವಾಯಿತು ಗುಡಿಸಿ?” ಅಂದ. ಒಂದೇ ಚಳಿಗಾಲ ಅಂದೆ. ಆತ ಮೊದಲು ನನ್ನನ್ನು, ಆಮೇಲೆ ನನ್ನ ಮಗಳನ್ನು ನೋಡಿದ. ಆ ನೋಟ ಇನ್ನೂ ನೆನಪಿದೆ.

ಈಗ ದಪ್ಪ ತುಂಡು ಕೆಳಗಿಟ್ಟು, ಅದರ ಮೇಲೆ ಸಣ್ಣವು, ಎಲ್ಲಕ್ಕೂ ಮೇಲೆ ಪುಳ್ಳೆ ಇಟ್ಟು ಮೇಲಿನಿಂದ ಹಚ್ಚುತ್ತೇನೆ. ನಮ್ಮವರಿಗೆ ತಲೆಕೆಳಗು ಅನಿಸುತ್ತದೆ, ಹೊಗೆ ಮಾತ್ರ ನಿಜಕ್ಕೂ ಕಡಿಮೆ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಅಲಾರಂ ಇಲ್ಲದೆ ಒಲೆ ಹಚ್ಚಲೇಬೇಡಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಜೋರಾಗಿ ಹಾಕಿದರೆ ಅದು ಚಿಮಣಿಯ ಹೊಗೆಯನ್ನೇ ಮನೆಯೊಳಕ್ಕೆ ಎಳೆಯಬಹುದು. ಬೂದಿಗೆ ಮುಚ್ಚಳವಿರುವ ಲೋಹದ ಡಬ್ಬಿಯೇ ಬೇಕು, ಅದನ್ನು ಮನೆಯಿಂದ ದೂರ, ಕಲ್ಲಿನ ಮೇಲಿಡಿ. ತಣ್ಣಗಿದೆ ಅನಿಸಿದ ಬೂದಿಯೊಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ನಮ್ಮ ಪ್ಲಾಸ್ಟಿಕ್ ಬಕೆಟ್ ಹೋಗಿದ್ದು ಹಾಗೆ.

ಸೀಳಿ ಪೇರಿಸಿದ ಸೌದೆ ಒಣಗಲು ಒಂದು ವರ್ಷವಾದರೂ ಬೇಕು, ಓಕ್‌ನಂಥ ಗಟ್ಟಿ ಮರಕ್ಕೆ ಎರಡು. ಮೇಲೆ ಮಾತ್ರ ಮುಚ್ಚಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಇಷ್ಟು ಸರಳ ವಿಷಯ ತಿಳಿಯಲು ನನಗೆ ಆರು ಚಳಿಗಾಲ ಹಿಡಿಯಿತು. ದಡ್ಡತನ ಸ್ವಲ್ಪ ಇತ್ತು. ಉಳಿದದ್ದು ‘ಬರುವ ವರ್ಷ ಊರಿಗೆ ಹೋಗಿಬಿಡೋಣ’ ಅನ್ನುವ ಮಾತು. ಹೋಗುವವನು ಎರಡು ವರ್ಷ ಆಚೆಗಿನ ಸೌದೆ ಯಾಕೆ ಪೇರಿಸುತ್ತಾನೆ? ಪ್ರತಿ ವರ್ಷ ಆ ಚಳಿಗಾಲದ್ದನ್ನಷ್ಟೇ ಕೊಂಡೆ, ಪ್ರತಿ ವರ್ಷ ಹಸಿಯದನ್ನೇ ಉರಿಸಿದೆ. ಅಮ್ಮ ತೀರಿಹೋದ ವರ್ಷ ಮೊದಲ ಸಲ ಮುಂದಿನದಕ್ಕೆಂದು ಒಂದು ಸಾಲು ಪೇರಿಸಿದೆ. ಯಾಕೆಂದು ಹೆಂಡತಿ ಕೇಳಲಿಲ್ಲ.

ಮಗಳಿಗೆ ಕೆಂಡ ಗೊತ್ತು, ಬೂದಿ ಗೊತ್ತು. ಕೊಳ್ಳಿ ಅಂದರೆ ಬಾಯಿ ಬಿಡುತ್ತಾಳೆ. ಊದುಕೊಳವೆಯನ್ನು ವಿವರಿಸಲು ಹೋದೆ, ಕೊಳಲೇ ಅಂದಳು. ಆದರೂ ಸೌದೆ ಪೇರಿಸಲು ಅವಳೇ ಮುಂದು. ಈ ಸಲದ ಸಾಲನ್ನು ಯಾವಾಗ ಉರಿಸಬೇಕೆಂದು ತುದಿಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಇಸವಿ ಬರೆದಿದ್ದಾಳೆ, ನಾನು ಕಲಿಸಿದ ಕನ್ನಡ ಅಂಕಿಯಲ್ಲಿ. ೭ ಬರೆಯಲು ಹೋಗಿ ೬ ಬರೆದಿದ್ದಾಳೆ. ತಿದ್ದಿಸಬೇಕು, ಇಲ್ಲದಿದ್ದರೆ ಒಂದು ವರ್ಷ ಮೊದಲೇ ತೆಗೆದು ಮತ್ತೆ ಹಸಿ ಸೌದೆ ಉರಿಸುತ್ತೇವೆ.