ಅಪ್ಪಯ್ಯ ಇಲ್ಲ ಅಂತ ಹೇಳು

ನಾನು ಬರೆದದ್ದರಲ್ಲಿ ನನಗೇ ಒಪ್ಪಿಗೆಯಾದ ಕಥೆ ಒಂದೇ ಒಂದು. ಅದಕ್ಕೆ ನಾಲ್ಕು ವರ್ಷ ಹಿಡಿಯಿತು. ಅಚ್ಚಾದಾಗ ಆರು ಪುಟ. ಒಬ್ಬ ಹುಡುಗಿ ಸುಳ್ಳು ಹೇಳೋದು ಕಲಿಯುತ್ತಾಳೆ, ಅಷ್ಟೇ ಕಥೆ. ಅದನ್ನು ಹೇಗೆ ಬರೆದೆ, ಎಲ್ಲೆಲ್ಲಿ ಕೆಡಿಸಿಕೊಂಡೆ ಅಂತ ಹೇಳುತ್ತೇನೆ.

ಇದು ನಮ್ಮ ಮನೆಯದೇ ಸಂಗತಿ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಪೇಟೆ. ಅಪ್ಪಯ್ಯ ಟೈಲರ್. ಮಳೆ ಹಿಡಿಯಿತು ಅಂದರೆ ಬಟ್ಟೆ ಹೊಲಿಸೋಕೆ ಬರುವವರೇ ಇಲ್ಲ. ಆದರೆ ಪಿಗ್ಮಿ ಮಾಮ ಮಾತ್ರ ಸಂಜೆ ತಪ್ಪದೆ ಬರುತ್ತಿದ್ದರು. ಪಿಗ್ಮಿ ಅಂದರೆ ಗೊತ್ತಲ್ವಾ, ದಿನಾ ಬಂದು ಒಂದೆರಡು ರೂಪಾಯಿ ಕಟ್ಟಿಸಿಕೊಂಡು ಹೋಗುವ ಉಳಿತಾಯ. 1928ರಲ್ಲಿ ಉಡುಪಿಯಲ್ಲಿ ಶುರುವಾದದ್ದು ನಮ್ಮ ಕಾಲಕ್ಕೆ ಘಟ್ಟ ಹತ್ತಿ ಊರೂರಿಗೂ ಬಂದಿತ್ತು. ಅಪ್ಪಯ್ಯ ಅದರ ಮೇಲೆ ಸಾಲವನ್ನೂ ತೆಗೆದಿದ್ದರು. ಕೈಯಲ್ಲಿ ಎರಡು ರೂಪಾಯಿ ಇಲ್ಲದ ದಿನ, ಅಂಗಳದಲ್ಲಿ ಕೊಡೆ ಮಡಚುವ ಸದ್ದು ಕೇಳಿದ ಕೂಡಲೇ ಒಳಗೆ ಹೋಗಿಬಿಡುತ್ತಿದ್ದರು. "ಅಪ್ಪಯ್ಯ ಇಲ್ಲ ಅಂತ ಹೇಳು ಪುಟ್ಟಿ."

ಮೊದಲ ಸಲ ನನಗೆ ಐದು ವರ್ಷ. ಬಾಗಿಲಿಗೆ ಹೋಗಿ, ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸಿದೆ. "ಅಪ್ಪಯ್ಯ ಇಲ್ಲ ಅಂತ ಹೇಳು ಅಂದ್ರು." ಮಾಮ ಬಿದ್ದು ಬಿದ್ದು ನಕ್ಕರು. ಅಪ್ಪಯ್ಯನೂ ನಗುತ್ತಾ ಹೊರಗೆ ಬಂದರು. ಅಮ್ಮ ಇಬ್ಬರಿಗೂ ಕಾಫಿ ಕೊಟ್ಟಳು. ಮುಂದೆ ಎಷ್ಟೋ ವರ್ಷ ಮನೆಗೆ ಬಂದವರಿಗೆಲ್ಲ ಹೇಳಿದ ಜೋಕು ಅದು.

ಎಂಟನೇ ವಯಸ್ಸಿನಲ್ಲಿ ಒಂದು ಸಂಜೆ ನಾನು "ಅಪ್ಪಯ್ಯ ಇಲ್ಲ" ಅಂದೆ. ಮಾಮನ ಮುಖ ನೋಡಿಕೊಂಡೇ ಅಂದೆ. ಮಾಮ ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಅಪ್ಪಯ್ಯನ ಹವಾಯಿ ಚಪ್ಪಲಿ ಇತ್ತು. ಒಂದರ ಬಾರು ಕಿತ್ತುಹೋಗಿ ಪಿನ್ನು ಚುಚ್ಚಿತ್ತು. "ಸರಿ ಪುಟ್ಟಿ, ನಾಳೆ ಬರ್ತೀನಿ" ಅಂದರು, ಕೊಡೆ ಬಿಚ್ಚಿಕೊಂಡು ಹೋದರು.

ಮೊದಲ ಸಲ ಬರೆದಾಗ ಇದು ಹದಿನೆಂಟು ಪುಟ ಇತ್ತು. ಬಡತನ ಇತ್ತು, ಅವಮಾನ ಇತ್ತು, ಆಕಾಶ ಅಳುತ್ತಿತ್ತು. ಐದು ವರ್ಷದವಳ ಜೋಕು ಮಾತ್ರ ಇರಲಿಲ್ಲ. ಅದು ಮನೆಮಂದಿ ನಗೋಕೆ ಇರುವ ಮಾತು, ಕಥೆಗೆ ತಕ್ಕದ್ದಲ್ಲ ಅಂದುಕೊಂಡಿದ್ದೆ. ಕೊನೆಯ ಸಾಲು: "ಅಂದು ನನ್ನೊಳಗಿನ ಮುಗ್ಧತೆ ಸತ್ತಿತು." ಬರೆದ ರಾತ್ರಿ ಅದನ್ನು ಓದಿಕೊಂಡು ನಾನೇ ಅತ್ತಿದ್ದೆ.

ನನಗೆ ಕಾಲೇಜಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರಿಗೆ ತೋರಿಸಿದೆ. ಅವರು "ಮುಗ್ಧತೆ"ಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. "ನಿಮ್ಮ ಮನೇಲಿ ಯಾರಾದ್ರೂ ಈ ಪದ ಆಡ್ತಿದ್ರೇನಮ್ಮಾ?" ಯಾರೂ ಆಡುತ್ತಿರಲಿಲ್ಲ. ನಮ್ಮಲ್ಲಿ "ಪಾಪದ್ದು" ಅನ್ನೋದು. ಪಾಪದ ಹುಡುಗಿ, ಪಾಪದ ಮನುಷ್ಯ. ಯೋಚಿಸಿದರೆ ವಿಚಿತ್ರ. ನರಕಕ್ಕೆ ಕಳಿಸುವುದೂ ಪಾಪವೇ, ಅಯ್ಯೋ ಅನ್ನಿಸುವುದೂ ಪಾಪವೇ, ಏನೂ ಅರಿಯದವರೂ ಪಾಪದವರೇ. ಆವತ್ತಿನಿಂದ "ಮುಗ್ಧತೆ" ಅನ್ನುವ ಪದ ನನ್ನ ಕಥೆಯಲ್ಲಿ ಬರಲಿಲ್ಲ. ಮೇಷ್ಟ್ರು ಇನ್ನೊಂದು ಮಾತು ಹೇಳಿ ಕಳಿಸಿದರು: "ಘಟಶ್ರಾದ್ಧ ಮತ್ತೆ ಓದು. ಯಮುನಕ್ಕನ್ನ ನೋಡ್ಬೇಡ, ನಾಣಿನ ನೋಡು."

ಅನಂತಮೂರ್ತಿಯವರ ಆ ಕಥೆ ಕಾಲೇಜಿನಲ್ಲಿ ಓದಿದ್ದೆ, 1977ರಲ್ಲಿ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾನೂ ನೋಡಿದ್ದೆ. ಎರಡು ಸಲವೂ ಮನಸ್ಸೆಲ್ಲ ಯಮುನಕ್ಕನ ಮೇಲೇ. ಚಿಕ್ಕ ವಯಸ್ಸಿನ ವಿಧವೆ, ಬಸುರಿ, ಬದುಕಿದ್ದಾಗಲೇ ಅಪ್ಪನೇ ಶ್ರಾದ್ಧ ಮಾಡಿಬಿಡುತ್ತಾನೆ. ಈ ಸಲ ನಾಣಿಯ ಹಿಂದೆ ಹೋದೆ. ಪಾಠಶಾಲೆಗೆ ಬಂದ ಹುಡುಗ ಅವನು. ಯಮುನಕ್ಕನಿಗೆ ಏನಾಗಿದೆ ಅಂತ ಅವನಿಗೆ ಪೂರ್ತಿ ತಿಳಿದಿಲ್ಲ. ಓದುವ ನಮಗೆ ತಿಳಿದಿದೆ. ಅವನು ಕಂಡದ್ದನ್ನು ಹೇಳುತ್ತಾ ಹೋಗುತ್ತಾನೆ, ಹೊಟ್ಟೆ ಕಿವುಚುವುದು ನಮಗೆ. ನಾನು ನನ್ನ ಕಥೆಯಲ್ಲಿ ಎಂಟು ವರ್ಷದವಳಿಗೆ ಎಲ್ಲವನ್ನೂ ತಿಳಿಸಿಬಿಟ್ಟಿದ್ದೆ. ಓದುವವರು ಮಾಡಬೇಕಾದ ಕೆಲಸವನ್ನೂ ಅವಳ ಕೈಲೇ ಮಾಡಿಸಿದ್ದೆ.

ಹಾಗಾಗಿ ಎರಡನೇ ಸಲ ಒಂದು ಕಟ್ಟು ಹಾಕಿಕೊಂಡೆ. ಆ ಹುಡುಗಿಗೆ ಗೊತ್ತಿಲ್ಲದ ಪದ ಬರಬಾರದು. ಅವಳ ಎತ್ತರಕ್ಕೆ ಕಾಣದ್ದು ಕಾಣಬಾರದು. ಸಾಲ ಹೋಯ್ತು, ರಸೀದಿ ಪುಸ್ತಕ ಬಂತು. ಅವಮಾನ ಹೋಯ್ತು, ಮಾಮನ ಪ್ಯಾಂಟಿನ ಅಂಚಿನ ಕೆಸರು ಬಂತು. ಹದಿನೆಂಟು ಪುಟ ಒಂಬತ್ತಕ್ಕಿಳಿಯಿತು. ಸುಮ್ನೆ ಹೇಳ್ತಿಲ್ಲ, ಬರೆಯೋರು ಒಮ್ಮೆ ಮಾಡಿ ನೋಡಬೇಕು. ನಮ್ಮ ಬಾಲ್ಯದ ನೆನಪು ಅಂತ ನಾವು ಇಟ್ಟುಕೊಂಡಿದ್ದರಲ್ಲಿ ಅರ್ಧದಷ್ಟು ಆಮೇಲೆ ಸೇರಿಸಿದ್ದು ಅಂತ ಆಗ ಗೊತ್ತಾಗುತ್ತೆ.

ಆದರೆ ಹೊಸ ರೋಗ ಅಂಟಿತು. ಹುಡುಗಿ ಜಾಸ್ತಿ ಮುದ್ದಾಗಿಬಿಟ್ಟಳು. ಮಳೆಹನಿ ಎಣಿಸುತ್ತಾಳೆ, ಬಸವನಹುಳುವಿನ ಜೊತೆ ಮಾತಾಡುತ್ತಾಳೆ. ನಾನೆಲ್ಲಿ ಬಸವನಹುಳು ಮಾತಾಡಿಸಿದ್ದೆ? ಉಪ್ಪು ಹಾಕಿ ನೋಡುತ್ತಿದ್ದೆ. ಮಕ್ಕಳ ಕಣ್ಣಲ್ಲಿ ಕಥೆ ಹೇಳುವವರು ಜಾರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಮುದ್ದು ಮಾಡಿದರೆ ಓದುವವರು ತಲೆ ಸವರಿ ಮುಂದೆ ಹೋಗುತ್ತಾರೆ. ಆ ಪ್ರತಿಯನ್ನು ಎರಡು ವರ್ಷ ತೆಗೆದೇ ನೋಡಲಿಲ್ಲ.

ಮತ್ತೆ ಕೈ ಹಚ್ಚಿದ್ದು ಟಾಗೋರರ ಕಾಬೂಲಿವಾಲಾ ಓದಿದ ಮೇಲೆ. 1892ರ ಕಥೆ. ಅದರಲ್ಲಿ ರಹಮತ್ ಅನ್ನುವ ಕಾಬೂಲಿಯವನು ಪುಟ್ಟ ಮಿನಿಯನ್ನು "ಮಾವನ ಮನೆ"ಯ ಮಾತು ತೆಗೆದು ಕಾಡಿಸುತ್ತಾನೆ. ಅವಳಿಗೆ ಅದರ ಅರ್ಥ ಗೊತ್ತಿಲ್ಲ. ನೀನು ಹೋಗ್ತೀಯಾ ಅಂತ ತಿರುಗಿ ಅವನನ್ನೇ ಕೇಳುತ್ತಾಳೆ. ಮಾವನ ಮನೆ ಅಂದರೆ ಜೈಲು ಕೂಡ, ನಮ್ಮಲ್ಲೂ ಹಾಗೇ ಅಂತಾರಲ್ಲ. ಅವನನ್ನು ಪೊಲೀಸರು ಹಿಡಿದುಕೊಂಡು ಹೋಗುವಾಗಲೂ ಮಿನಿ ಅದನ್ನೇ ಕೇಳುತ್ತಾಳೆ. ಅಲ್ಲಿಗೇ ಹೊರಟಿದ್ದೇನೆ ಅಂತ ಅವನು ನಗುತ್ತಾನೆ. ವರ್ಷಗಳಾದ ಮೇಲೆ ಬಿಡುಗಡೆಯಾಗಿ ಬಂದರೆ ಅವತ್ತೇ ಮಿನಿಯ ಮದುವೆ. ಹಳೇ ಸಲಿಗೆಯಲ್ಲಿ ಮತ್ತೆ ಕೇಳುತ್ತಾನೆ, ಮಾವನ ಮನೆಗೆ ಹೊರಟೆಯಾ ಅಂತ. ಅವಳು ಕೆಂಪಾಗಿ ತಲೆ ತಗ್ಗಿಸುತ್ತಾಳೆ. ಮಾತು ಅದೇ. ಕೇಳಿಸಿಕೊಂಡ ಹುಡುಗಿ ಬೇರೆ. ತನ್ನೂರಿನಲ್ಲಿ ತನ್ನ ಮಗಳೂ ಇಷ್ಟೇ ಬೆಳೆದಿರುತ್ತಾಳೆ ಅಂತ ರಹಮತನಿಗೆ ಹೊಳೆಯುವುದು ಆಗ.

ಪುಸ್ತಕ ಮುಚ್ಚಿಟ್ಟು ನಾನು ನಮ್ಮನೆ ಜೋಕನ್ನು ಕಾಗದದ ಮೇಲೆ ಬರೆದೆ. ಅಪ್ಪಯ್ಯ ಇಲ್ಲ ಅಂತ ಹೇಳು ಅಂದ್ರು. ಅದರ ಕೆಳಗೆ ಎಂಟು ವರ್ಷದವಳ ಮಾತು. ಅಪ್ಪಯ್ಯ ಇಲ್ಲ. ಮೂರು ಪದ ಉದುರಿತ್ತು. ನಾಲ್ಕು ವರ್ಷ ಹುಡುಕಿದ್ದು ಇದನ್ನೇ. ಐದು ವರ್ಷದವಳಿಗೆ ಆ ಮಾತು ಅಪ್ಪಯ್ಯನದು, ಅವಳು ತಂದು ಮುಟ್ಟಿಸಿದವಳು. ಎಂಟಕ್ಕೆ ಅದು ಅವಳದೇ ಮಾತಾಗಿತ್ತು. ಜೋಕು ಕಥೆಯ ಮೊದಲ ಪುಟಕ್ಕೆ ಬಂತು. ಎರಡು ಸಂಜೆ, ಎರಡು ವಾಕ್ಯ. ನಡುವೆ ಇದ್ದ ವಿವರಣೆಯೆಲ್ಲ ಹೊಡೆದು ಹಾಕಿದೆ.

ಕೊನೆ ಮಾತ್ರ ಕೂರುತ್ತಿರಲಿಲ್ಲ. ಮಾಮ ಚಪ್ಪಲಿ ನೋಡಿ ಹೋಗುವಲ್ಲಿಗೆ ನಿಲ್ಲಿಸಿದ್ದೆ. ಅದು ಮಾಮನ ಕಥೆಯ ಕೊನೆ ಅನ್ನಿಸುತ್ತಿತ್ತು. ಅಕ್ಕನ ಮಗಳು ರಜೆಗೆ ಬಂದಿದ್ದಳು, ಒಂಬತ್ತು ವರ್ಷ. ಗಟ್ಟಿಯಾಗಿ ಓದಿ ಹೇಳಿದೆ. ಜೋಕಿಗೆ ನಕ್ಕಳು. ಕೊನೆಗೆ ಮೂಗು ಮುರಿದಳು.

"ಚಿಕ್ಕಿ, ಅವಳು ಚಪ್ಪಲಿ ಮೊದಲೇ ಒಳಗಿಡಬೇಕಿತ್ತು ಅಲ್ವಾ?"

ಅವತ್ತೇ ಕೂತು ಬರೆದು ಮುಗಿಸಿದೆ. ಮಾರನೇ ಸಂಜೆ ಕೊಡೆ ಮಡಚುವ ಸದ್ದು. ಅಪ್ಪಯ್ಯ ಇನ್ನೂ ಏನೂ ಹೇಳಿಲ್ಲ. ಹುಡುಗಿ ಎದ್ದು, ಚಪ್ಪಲಿ ತೆಗೆದುಕೊಂಡು ಮಂಚದ ಕೆಳಗೆ ನೂಕಿ, ಬಾಗಿಲಿಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು. ಅವಳು ಏನಂದಳು ಅಂತ ಬರೆಯಲಿಲ್ಲ.

ಅಚ್ಚಾದ ಮೇಲೆ ಅಮ್ಮನಿಗೆ ಕೊಟ್ಟೆ. ಮಧ್ಯಾಹ್ನ ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಚಪ್ಪಲಿಯದೊಂದು ಕಟ್ಟಿದ್ದು, ಮಿಕ್ಕಿದ್ದೆಲ್ಲ ನಡೆದದ್ದೇ ಅಂತ ಹೇಳೋಕೆ ಬಾಯಿ ತೆರೆದೆ. ಅವಳೇ ಮೊದಲು ಮಾತಾಡಿದಳು.

"ಮಂಚದ ಕೆಳಗೆ ಅಂತ ಯಾಕೆ ಬರ್ದೆ? ನೀನು ಇಡ್ತಿದ್ದದ್ದು ಅಕ್ಕಿ ಡಬ್ಬದ ಹಿಂದೆ. ಅಡುಗೆಮನೆಗೆ ಚಪ್ಪಲಿ ತರಬೇಡ್ವೇ ಅಂತ ನಾನು ಬೈದು ಬೈದು ಸಾಕಾಗಿತ್ತು."